ಟಿಜಿಎಫ್-ಬೀಟಾ ಕೊಟ್ಟರೂ ಆಲ್ಫಾ-ಎಸ್‌ಎಂಎ ಬ್ಯಾಂಡ್ ಯಾಕೆ ಬರುತ್ತಿಲ್ಲ?

ಪ್ರಶ್ನೆ:
ಎಚ್‌ಕೆ-2 ಕೋಶಗಳಿಗೆ (ಮೂತ್ರಪಿಂಡದ ನಳಿಕೆಯವು) ಮಿಲಿಲೀಟರಿಗೆ 5 ನ್ಯಾನೋಗ್ರಾಂ ಟಿಜಿಎಫ್-ಬೀಟಾ1 (ಕೋಶಗಳಿಗೆ ಸಂಕೇತ ಕೊಡುವ ಪ್ರೋಟೀನ್) ಹಾಕಿ 48 ಗಂಟೆ ಬಿಟ್ಟರೆ ಫೈಬ್ರೊನೆಕ್ಟಿನ್ (ಕೋಶದ ಹೊರಗೆ ಸೇರುವ ಪ್ರೋಟೀನ್) ಏರುತ್ತದೆ. ಆಲ್ಫಾ-ಎಸ್‌ಎಂಎ (ಮಯೋಫೈಬ್ರೊಬ್ಲಾಸ್ಟ್ ಕೋಶಗಳ ಗುರುತಿನ ಪ್ರೋಟೀನ್) ಮಾತ್ರ ವೆಸ್ಟರ್ನ್ ಬ್ಲಾಟ್‌ನಲ್ಲಿ (ಆಂಟಿಬಾಡಿಯಿಂದ ಪ್ರೋಟೀನ್ ಪತ್ತೆಮಾಡುವ ಪರೀಕ್ಷೆ) ಇದ್ದೂ ಇಲ್ಲದ ಹಾಗೆ. ಫಾಸ್ಫೋ-ಸ್ಮ್ಯಾಡ್3 (ಟಿಜಿಎಫ್ ಸಂಕೇತವನ್ನು ಕೋಶದೊಳಗೆ ಒಯ್ಯುವ ಸ್ಮ್ಯಾಡ್3, ಫಾಸ್ಫೇಟ್ ಕೂತ ರೂಪದಲ್ಲಿ) ಕೂಡ ಕಾಣುತ್ತಿಲ್ಲ. ಟಿಜಿಎಫ್ ಕೆಟ್ಟಿದೆಯೇ? ಸಿಕೆಡಿಯ (ದೀರ್ಘಕಾಲದ ಮೂತ್ರಪಿಂಡ ಕಾಯಿಲೆ) ಫೈಬ್ರೋಸಿಸ್‌ಗೆ, ಅಂದರೆ ನಾರುಗಟ್ಟುವುದಕ್ಕೆ, ಇದೇ ದಾರಿ ಅಲ್ಲವೇ?

ಉತ್ತರ 1:
ಟಿಜಿಎಫ್ ಚೆನ್ನಾಗಿಯೇ ಇದೆ, ಫೈಬ್ರೊನೆಕ್ಟಿನ್ ಏರಿದ್ದೇ ಸಾಕ್ಷಿ. ಫಾಸ್ಫೋ-ಸ್ಮ್ಯಾಡ್3 ನೋಡಬೇಕಾದದ್ದು 30ರಿಂದ 60 ನಿಮಿಷಕ್ಕೆ. 48 ಗಂಟೆಯ ಹೊತ್ತಿಗೆ ಸ್ಮ್ಯಾಡ್7 ಎಂಬ ತಡೆಯುವ ಪ್ರೋಟೀನ್ ಬ್ರೇಕ್ ಹಾಕಿರುತ್ತದೆ. ಎರಡಕ್ಕೂ ಬೇರೆ ಬೇರೆ ಡಿಶ್ ಇಡಿ. ಲೈಸಿಸ್ ಬಫರ್‌ಗೆ (ಕೋಶ ಒಡೆಯುವ ದ್ರಾವಣ) ಬರೀ ವನಡೇಟ್ ಹಾಕಿದ್ದರೆ ಅದು ತಡೆಯುವುದು ಮುಖ್ಯವಾಗಿ ಟೈರೋಸಿನ್ ಫಾಸ್ಫಟೇಸ್‌ಗಳನ್ನು (ಟೈರೋಸಿನ್ ಮೇಲಿನ ಫಾಸ್ಫೇಟ್ ಕಿತ್ತುಹಾಕುವ ಕಿಣ್ವಗಳು). ಇಲ್ಲಿ ಫಾಸ್ಫೇಟ್ ಕೂತಿರುವುದು 423 ಮತ್ತು 425ನೇ ಸೆರಿನ್ ಮೇಲೆ, ಹಾಗಾಗಿ ಸೋಡಿಯಂ ಫ್ಲೋರೈಡ್, ಬೀಟಾ-ಗ್ಲಿಸರೋಫಾಸ್ಫೇಟ್ ಬೇಕೇ ಬೇಕು. ಸೀರಮ್ ಹಿಂದಿನ ದಿನವೇ ತೆಗೆಯಿರಿ. ಎಫ್‌ಬಿಎಸ್‌ನಲ್ಲೇ (ಮೀಡಿಯಂಗೆ ಹಾಕುವ ಕರುವಿನ ಸೀರಮ್) ಟಿಜಿಎಫ್ ಇರುವುದರಿಂದ ಕಂಟ್ರೋಲ್ ಕೂಡ ಏರಿ ಕೂರುತ್ತದೆ. ಟಿಜಿಎಫ್ ಪುಡಿಯನ್ನು 4 ಮಿಲಿಮೋಲಾರ್ ಎಚ್‌ಸಿಎಲ್‌ನಲ್ಲಿ, ಮಿಲಿಲೀಟರಿಗೆ 1 ಮಿಲಿಗ್ರಾಂ ಬಿಎಸ್‌ಎ (ದನದ ಆಲ್ಬುಮಿನ್ ಪ್ರೋಟೀನ್) ಸೇರಿಸಿ ಕರಗಿಸಿ; ಇಲ್ಲದಿದ್ದರೆ ಟ್ಯೂಬಿನ ಗೋಡೆಗೇ ಅಂಟಿಕೊಳ್ಳುತ್ತದೆ. ಒಂದು ಡಿಶ್‌ಗೆ ಎಸ್‌ಬಿ-431542, 10 ಮೈಕ್ರೋಮೋಲಾರ್ ಹಾಕಿ. ಅದು ಟಿಜಿಎಫ್‌ನ ಗ್ರಾಹಕವಾದ ಎಎಲ್‌ಕೆ5 ಅನ್ನು ತಡೆಯುತ್ತದೆ. ಆಗಲೂ ಫಾಸ್ಫೋ-ಸ್ಮ್ಯಾಡ್3 ಬ್ಯಾಂಡ್ ಉಳಿದರೆ ಅನುಮಾನ ಆಂಟಿಬಾಡಿಯ ಮೇಲೆ.

ಉತ್ತರ 2:
ಆಲ್ಫಾ-ಎಸ್‌ಎಂಎ ವಿಷಯ ಬೇರೆ. ಕೊಲಾಜನ್ ಸುರಿಯುವ ಮಯೋಫೈಬ್ರೊಬ್ಲಾಸ್ಟ್‌ಗಳು ಬಹುಪಾಲು ಹುಟ್ಟುವುದು ಪೆರಿಸೈಟ್ (ಸಣ್ಣ ರಕ್ತನಾಳಗಳನ್ನು ಸುತ್ತಿರುವ ಕೋಶ) ಮತ್ತು ಅಲ್ಲೇ ಇರುವ ಫೈಬ್ರೊಬ್ಲಾಸ್ಟ್‌ಗಳಿಂದ, ನಳಿಕೆಯ ಕೋಶಗಳಿಂದಲ್ಲ. ನಳಿಕೆಯ ಕೋಶ ಅರೆಬರೆ ಬದಲಾಗುತ್ತದೆ ಅಷ್ಟೇ. ಅದರ ನಿಜವಾದ ಕಿತಾಪತಿ ಸಂದೇಶ ಕಳಿಸುವುದು. ಪೆಟ್ಟು ತಿಂದು ಜಿ2/ಎಂ ಹಂತದಲ್ಲಿ (ಕೋಶ ವಿಭಜನೆಗೆ ಮುಂಚಿನ ಘಟ್ಟ) ಸಿಕ್ಕಿಬಿದ್ದ ಕೋಶ ಜೆಎನ್‌ಕೆ ಎಂಬ ಕಿಣ್ವದ ಮೂಲಕ ಟಿಜಿಎಫ್-ಬೀಟಾ, ಸಿಟಿಜಿಎಫ್ (ಇನ್ನೊಂದು ಸಂಕೇತ ಪ್ರೋಟೀನ್) ಹೊರಬಿಟ್ಟು ಪಕ್ಕದ ಪೆರಿಸೈಟನ್ನು ಎಬ್ಬಿಸುತ್ತದೆ. ಹಾಗಾಗಿ ಎಚ್‌ಕೆ-2ವಿನ ಕಂಡೀಷನ್ಡ್ ಮೀಡಿಯಂ (ಕೋಶಗಳು ಬೆಳೆದು ತಮ್ಮ ಸ್ರಾವ ಬಿಟ್ಟ ದ್ರವ) ಅನ್ನು ಫೈಬ್ರೊಬ್ಲಾಸ್ಟ್‌ಗಳಿಗೆ ಹಾಕಿ ನೋಡಿ (ಮೊದಲು ನೀವೇ ಹಾಕಿದ ಟಿಜಿಎಫ್ ತೊಳೆದು ತೆಗೆಯಿರಿ). ಇಲಿಯಲ್ಲಾದರೆ ಯುಯುಒ, ಅಂದರೆ ಒಂದು ಕಡೆಯ ಮೂತ್ರನಾಳ ಕಟ್ಟುವುದು. 7ರಿಂದ 14 ದಿನಕ್ಕೆ ಆಲ್ಫಾ-ಎಸ್‌ಎಂಎ ಢಾಳಾಗಿ ಸಿಗುತ್ತದೆ. ಇನ್ನೊಂದು: ಪ್ಲಾಸ್ಟಿಕ್ ಡಿಶ್ ಅಂಗಾಂಶಕ್ಕಿಂತ ಎಷ್ಟೋ ಪಟ್ಟು ಗಟ್ಟಿ. ಆ ಗಡಸುತನವೇ ವೈಎಪಿ/ಟಿಎಝಡ್ (ಗಡಸುತನಕ್ಕೆ ಸ್ಪಂದಿಸಿ ಜೀನ್‌ಗಳನ್ನು ಎಬ್ಬಿಸುವ ಪ್ರೋಟೀನ್‌ಗಳು) ಅನ್ನು ಚಾಲೂ ಮಾಡಿ ಫೈಬ್ರೊಬ್ಲಾಸ್ಟ್ ಕಂಟ್ರೋಲ್‌ನಲ್ಲೂ ಆಲ್ಫಾ-ಎಸ್‌ಎಂಎ ತೋರಿಸುತ್ತದೆ. ಮೆತ್ತನೆಯ ಜೆಲ್ ಮೇಲೆ ಬೆಳೆಸಿದ್ದು ಮೇಲು.

ಪ್ರಶ್ನೆ ಕೇಳಿದವರು:
ಧನ್ಯವಾದ. ಹಾಗಿದ್ದರೆ ರೋಗಿಗಳಿಗೆ ಟಿಜಿಎಫ್-ಬೀಟಾವನ್ನೇ ತಡೆದರೆ ಆಗದೇ?

ಉತ್ತರ 3:
ಮಧುಮೇಹದ ಮೂತ್ರಪಿಂಡ ಕಾಯಿಲೆಯಲ್ಲಿ ಟಿಜಿಎಫ್-ಬೀಟಾ1 ಆಂಟಿಬಾಡಿ ಪ್ರಯತ್ನಿಸಿದ್ದಾರೆ, ಲಾಭ ಕಾಣದೆ ಟ್ರಯಲ್ ನಿಲ್ಲಿಸಿದರು. ಉರಿಯೂತವನ್ನು ಹದ್ದುಬಸ್ತಿನಲ್ಲಿ ಇಡುವುದೂ ಇದೇ ಟಿಜಿಎಫ್; ಅದರ ಜೀನ್ ಇಲ್ಲದೆ ಹುಟ್ಟಿದ ಇಲಿಗಳು ಮೂರ್ನಾಲ್ಕು ವಾರಕ್ಕೆ ಬಹು ಅಂಗಗಳ ಉರಿಯೂತದಿಂದ ಸಾಯುತ್ತವೆ. ಟಿಜಿಎಫ್ ಸಂಕೇತದ ಕೆಳಗಿನ ಹಂತವೂ ಗೋಜಲೇ: ಸ್ಮ್ಯಾಡ್3 ನಾರು ಬೆಳೆಸಿದರೆ, ಮೂತ್ರಪಿಂಡದಲ್ಲಿ ಸ್ಮ್ಯಾಡ್2 ಅದಕ್ಕೆ ಅಡ್ಡ ನಿಲ್ಲುತ್ತದೆ. ಇವತ್ತು ಕೈಲಿರುವ ಔಷಧಿಗಳು ಸುತ್ತುದಾರಿಯವು. ಆಂಜಿಯೋಟೆನ್ಸಿನ್-2 ಎಂಬ ಹಾರ್ಮೋನ್ ಟಿಜಿಎಫ್ ಉತ್ಪತ್ತಿ ಹೆಚ್ಚಿಸುತ್ತದೆ, ರಾಮಿಪ್ರಿಲ್, ಲೊಸಾರ್ಟನ್ ಆ ಹಾರ್ಮೋನಿನ ಪ್ರಭಾವ ಇಳಿಸುತ್ತವೆ.