ಅಪ್‌ಡೇಟ್: ಬೇಸಿಗೆ ಶಿಬಿರದ ಮಕ್ಕಳ ವಾರದ ಸುತ್ತಾಟ (ಕಾರವಾರ)

ನಮ್ಮ ಬೇಸಿಗೆ ಶಿಬಿರದ ಮಕ್ಕಳನ್ನು ವಾರಕ್ಕೊಮ್ಮೆ ಬೆಳಿಗ್ಗೆ ಎಲ್ಲಿಗೆ ಕರೆದುಕೊಂಡು ಹೋಗಬಹುದು ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕತೆ ಇದು. ಟ್ಯಾಗೋರ್ ಕಡಲತೀರದ ಚಪಲ್ ಯುದ್ಧನೌಕೆ ಮ್ಯೂಸಿಯಂ ಇಷ್ಟವಾಯಿತು, ಆದರೆ ಬೇಗ ನೋಡಿ ಮುಗಿಯಿತು. ಸದಾಶಿವಗಡದ ಗುಡ್ಡ ಹತ್ತುವುದು ಚಿಕ್ಕವರಿಗೆ ಆಗಲಿಲ್ಲ, ಅರ್ಧಕ್ಕೇ "ನೀರು, ನೀರು". ಗೆದ್ದದ್ದು ಕಾಳಿ ನದಿ ಕಡೆಯ ಕಾಂಡ್ಲಾ ಕಾಡು (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮರಗಳು, ಮ್ಯಾಂಗ್ರೋವ್), ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್. ಕೆಸರಲ್ಲಿ ಒಂದೇ ದೊಡ್ಡ ಕೊಂಡಿ ಬೀಸುವ ಪುಟಾಣಿ ಏಡಿಗಳನ್ನು ನೋಡುತ್ತ ಕೂತವರಿಗೆ ತಿಂಡಿ ಡಬ್ಬಿಯೂ ನೆನಪಾಗಲಿಲ್ಲ!

ಆದರೆ ಮುಂದಿನ ವಾರ ಅದೇ ಹೊತ್ತಿಗೆ ಹೋದರೆ ಏಡಿಯೇ ಇಲ್ಲ, ಬರೀ ನೀರು. ಉಬ್ಬರ-ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದಂತೆ, ವಾರಕ್ಕೆ ಹತ್ತಿರ ಹತ್ತಿರ 6 ತಾಸು, ಅಂದರೆ ಇಳಿತ ಇದ್ದ ಹೊತ್ತಿಗೇ ಉಬ್ಬರ. ಈಗ ವಾರ ಬಿಟ್ಟು ವಾರ ಅಲ್ಲಿಗೆ, ನಡುವಿನ ವಾರ ಶಿಬಿರದಲ್ಲೇ ಮಣ್ಣಿನ ಏಡಿ ಮಾಡಿಸುತ್ತಿದ್ದೇವೆ.