ಕುಂಗ್ ಪಾವ್ ಚಿಕನ್: ಕೋಳಿ ನೀರು ಬಿಡುತ್ತೆ, ಕಡಲೆಕಾಯಿ ಬೀಜ ಮೆತ್ತಗಾಗುತ್ತೆ

ಪ್ರಶ್ನೆ:
ಚೀನಾದ ಸಿಚುವಾನ್ ಪ್ರಾಂತ್ಯದ ಕುಂಗ್ ಪಾವ್ ಚಿಕನ್ ಮಾಡ್ತೀನಿ. ಅರ್ಧ ಕೆಜಿ ಬೋನ್‌ಲೆಸ್ ಎದೆ ಭಾಗ, ನಾನ್‌ಸ್ಟಿಕ್ ತವಾ, ಮನೆಯ ಗ್ಯಾಸ್ ಒಲೆ. ಕೋಳಿ ನೀರು ಬಿಟ್ಟು ಬೇಯುತ್ತೆ, ಹುರಿದ ಹಾಗಾಗಲ್ಲ. ಒಣಮೆಣಸಿನಕಾಯಿ ಕಪ್ಪಾಗಿ ಕಹಿ ಬರುತ್ತೆ, ಕಡಲೆಕಾಯಿ ಬೀಜ ಗರಿಗರಿ ಉಳಿಯಲ್ಲ. ನಾಲಿಗೆ ಜುಮ್ಮೆನ್ನಿಸುವ ಸಿಚುವಾನ್ ಮೆಣಸು ಇಲ್ಲಿ ಸಿಗಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ 1:
ಅರ್ಧ ಕೆಜಿ ಒಟ್ಟಿಗೆ ಹಾಕಿದರೆ ಮನೆಯ ಉರಿ ಸಾಲದು, ಪಾತ್ರೆ ತಣ್ಣಗಾಗಿ ನೀರು ನಿಲ್ಲುತ್ತೆ. ಒಂದು ಸಲಕ್ಕೆ 250 ಗ್ರಾಂ ಸಾಕು. ಎದೆಗಿಂತ ತೊಡೆ ಮಾಂಸ ಒಳ್ಳೇದು, ಬೇಗ ಒಣಗಲ್ಲ. ತೊಳೆದಿದ್ದರೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಒಂದೂವರೆ ಸೆಂ.ಮೀ. ತುಂಡು ಮಾಡಿ. ಚೀನೀ ಹೆಸರು ‘ಗೊಂಗ್ ಬಾವ್ ಜೀ ಡಿಂಗ್’ನ ಕೊನೆಯ ಎರಡು ಪದಗಳ ಅರ್ಥವೇ ಕೋಳಿಯ ಸಣ್ಣ ಚೌಕ ತುಂಡು. ಈರುಳ್ಳಿ ಹೂವಿನ ಬಿಳಿ ಭಾಗವನ್ನೂ ಅದೇ ಅಳತೆಗೆ ಹೆಚ್ಚಿ.

ಕೋಳಿ ತುಂಡಿಗೆ 2 ಟೀ ಚಮಚ ಸೋಯಾ ಸಾಸ್, 1 ಟೇಬಲ್ ಚಮಚ ನೀರು, 2 ಟೀ ಚಮಚ ಕಾರ್ನ್‌ಫ್ಲೋರ್ ಹಾಕಿ, ನೀರು ಪೂರ್ತಿ ಹೀರುವವರೆಗೆ ಕೈಯಲ್ಲಿ ಕಲಸಿ. ಕೊನೆಗೆ 1 ಟೀ ಚಮಚ ಎಣ್ಣೆ ಸೇರಿಸಿ 20 ನಿಮಿಷ ಬಿಡಿ. ಚಿಲ್ಲಿ ಚಿಕನ್ ಥರ ಹಿಟ್ಟಲ್ಲಿ ಅದ್ದಿ ಕರಿಯಬೇಡಿ, ಇದು ಬೇರೆಯೇ ಅಡುಗೆ.

ತವಾ ಬದಲು ಕಬ್ಬಿಣದ ಬಾಣಲೆ ಇಡಿ.

ಉತ್ತರ 2:
ಮೆಣಸಿನಕಾಯಿ ಕಪ್ಪಾಗೋದು ಹೊಗೆಯಾಡುವ ಎಣ್ಣೆಗೆ ಹಾಕಿದಾಗ. 8–10 ಬ್ಯಾಡಗಿ ಸಾಕು, ಬಣ್ಣ ಚೆನ್ನಾಗಿ ಬರುತ್ತೆ, ಖಾರ ಕಮ್ಮಿ. ಕತ್ತರಿಸಿ ಬೀಜ ಉದುರಿಸಿ. 2 ಟೇಬಲ್ ಚಮಚ ಎಣ್ಣೆ ಸಣ್ಣ ಉರಿಯಲ್ಲಿ ಬಿಸಿಯಾಗಲಿ. ಮೆಣಸಿನಕಾಯಿ ಹಾಕಿದರೆ ಅದರ ಸುತ್ತ ಸಣ್ಣ ಗುಳ್ಳೆ ಏಳಬೇಕು, ಚಟಪಟ ಅನ್ನಬಾರದು. ಅಂಚು ಕಡುಗೆಂಪಾಗಿ ಘಮ ಬಂದ ಕೂಡಲೇ ಉರಿ ಪೂರ್ತಿ ಏರಿಸಿ ಕೋಳಿ ಸುರಿಯಿರಿ. ಕೋಳಿಯ ತೇವಕ್ಕೆ ಎಣ್ಣೆ ತಣಿದು ಮೆಣಸಿನಕಾಯಿ ಅಷ್ಟಕ್ಕೇ ನಿಲ್ಲುತ್ತೆ. ಕೆಳಭಾಗ ಬಿಳುಪಾಗುವ ತನಕ ಕದಡಬೇಡಿ, ಆಮೇಲೆ ತಿರುವಿ. ತುಂಡು ಪೂರ್ತಿ ಬಿಳಿಯಾದ ಮೇಲೆ ಹೆಚ್ಚಿದ ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಬಿಳಿ ಹಾಕಿ ಒಂದು ನಿಮಿಷ ಹುರಿಯಿರಿ.

ಸಾಸ್ ಮೊದಲೇ ಬಟ್ಟಲಲ್ಲಿ ಕಲಸಿಡಿ: ಸಕ್ಕರೆ 1 ಟೇಬಲ್ ಚಮಚ, ಚೀನೀ ಕಪ್ಪು ವಿನಿಗರ್ 1 ಟೇಬಲ್ ಚಮಚ, ಸೋಯಾ 2 ಟೀ ಚಮಚ, ಕಾರ್ನ್‌ಫ್ಲೋರ್ 1 ಟೀ ಚಮಚ, ನೀರು 2 ಟೇಬಲ್ ಚಮಚ. ಹಿಟ್ಟು ತಳದಲ್ಲಿ ಕೂತಿರುತ್ತೆ, ಸುರಿಯುವ ಮುಂಚೆ ಇನ್ನೊಮ್ಮೆ ಕದಡಿ, ಇಲ್ಲವಾದರೆ ಗಂಟು. ಸಿಹಿ, ಹುಳಿ ಎರಡೂ ಲಿಚಿ ಹಣ್ಣಿನ ಹಾಗೆ ಹಗುರವಾಗಿ ತಿಳಿಯಬೇಕು. ಟೊಮೆಟೊ ಕೆಚಪ್ ಬೇಡವೇ ಬೇಡ.

ಸಾಸ್ ಹೊಳಪು ಬಂದು ತುಂಡಿಗೆ ಅಂಟಿದ ಮೇಲೆ ಒಲೆ ಆರಿಸಿ, ಆಗ ಕಡಲೆಕಾಯಿ ಬೀಜ ಹಾಕಿ. ಸಾಸಲ್ಲಿ ಕುದಿಸಿದರೆ ಯಾವ ಬೀಜವೂ ಮೆತ್ತಗಾಗುತ್ತೆ. 60 ಗ್ರಾಂ ಕಡಲೆಕಾಯಿ ಬೀಜ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಸಿಪ್ಪೆ ಉಜ್ಜಿಡಿ. ಬಿಸಿಯಲ್ಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಬೆವರುತ್ತೆ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ. ಕಪ್ಪು ವಿನಿಗರ್ ಇಲ್ಲ, ಬಿಳೀದು ನಡೆಯುತ್ತಾ? ಗೋಡಂಬಿ?

ಉತ್ತರ 3:
ಬಿಳೀದು ಚುರುಕು ಜಾಸ್ತಿ, 2 ಟೀ ಚಮಚಕ್ಕೆ ಇಳಿಸಿ. ಗೋಡಂಬಿ ಹಾಕಬಹುದು, ಸಿಚುವಾನ್‌ನಲ್ಲಿ ಮಾಮೂಲಿ ಕಡಲೆಕಾಯಿ ಬೀಜವೇ. ಸಿಚುವಾನ್ ಮೆಣಸಿಗೆ ಕರಾವಳಿಯ ತಿರ್ಫಲ, ಅಂದರೆ ಜುಮ್ಮನಕಾಯಿ, ಹತ್ತಿರದ ಸಂಬಂಧಿ. ನಾಲಿಗೆ ಜುಮ್ಮೆನ್ನಿಸುತ್ತೆ, ಪರಿಮಳ ಸ್ವಲ್ಪ ಬೇರೆ. ಒಳಗಿನ ಕರಿ ಬೀಜ ತೆಗೆದು ಸಿಪ್ಪೆ ಮಾತ್ರ ಅರ್ಧ ಟೀ ಚಮಚ, ಒಣಮೆಣಸಿನಕಾಯಿ ಜೊತೆಗೇ ಎಣ್ಣೆಗೆ. ಕರಿಮೆಣಸು ಹಾಕಿದರೆ ಆ ಜುಮ್ಮು ಬರಲ್ಲ.