ಪದಚರ್ಚೆ: ಹೆಣಿಗೆಯ 'ಸ್ಟಿಚ್' ಹೊಲಿಗೆಯೋ, ಕುಣಿಕೆಯೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಚಾರಿಟಿ ಅಂಗಡಿಗಳಲ್ಲಿ ಸ್ವೆಟರ್ ಹೆಣೆಯುವ ಹಳೇ ಕಡ್ಡಿ, ಉಣ್ಣೆಯ ಉಂಡೆ, 1950-60ರ ದಶಕದ ನಮೂನೆ ಹಾಳೆ ಎಲ್ಲವೂ ಒಂದೇ ಡಬ್ಬದಲ್ಲಿ ಸಿಗುವುದುಂಟು. ಅಂಥದೊಂದು ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ: ಕೂಸಿನ ಕೋಟು, ಟೋಪಿ, ಕಾಲುಚೀಲ. 'ಸ್ಟಿಚ್' ಬಂದಲ್ಲೆಲ್ಲ 'ಹೊಲಿಗೆ' ಎಂದು ಬರೆದರೆ "ಕಡ್ಡಿಯ ಮೇಲೆ 66 ಹೊಲಿಗೆ ಹಾಕಿ" ಎಂದಾಗುತ್ತದೆ. ಓದಿದವರು ಸೂಜಿ ಹುಡುಕುತ್ತಾರೆ. ಇದಕ್ಕೆ ಯಾವ ಮಾತು ಒಪ್ಪುತ್ತದೆ? ನಿಟ್, ಪರ್ಲ್‌ಗೆ ಏನೆನ್ನುವುದು? ಹಾಳೆಯ ತಲೆಯಲ್ಲೇ "ಟೆನ್ಷನ್: ನಂ. 10 ಕಡ್ಡಿಯಲ್ಲಿ ಇಂಚಿಗೆ 7" ಎಂದಿದೆ, ನಮ್ಮ ಟೆನ್ಷನ್ನೇ ಬೇರೆ. ಕೋಟಿಗೆ 'ಮ್ಯಾಟಿನಿ ಕೋಟ್' ಎಂಬ ಹೆಸರಿದೆ, ಏನದು? ಕೊನೆಯದಾಗಿ, ಇಂಥ ಅಂಗಡಿಯನ್ನು 'ಗುಜರಿ' ಎಂದರೆ ತಪ್ಪೇ?

ಉತ್ತರ 1

ಹೊಲಿಗೆ ಬೇಡವೇ ಬೇಡ. ಹೊಲಿಯುವಾಗ ದಾರ ಬಟ್ಟೆಯನ್ನು ತೂರಿಕೊಂಡು ಹೋಗುತ್ತದೆ. ಇಲ್ಲಿ ತೂರುವುದಕ್ಕೆ ಬಟ್ಟೆಯೇ ಇಲ್ಲ. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆದು, ಬಿಚ್ಚಿಹೋಗದಂತೆ ಕಡ್ಡಿಯ ಮೇಲೆ ನಿಲ್ಲಿಸಿಕೊಂಡು ಮುಂದಕ್ಕೆ ಹೋಗುವುದು. ಹಾಗಾಗಿ 'ಕುಣಿಕೆ'. ನೇಣು ನೆನಪಾಗುತ್ತದೆ ಎಂದು ಹಿಂಜರಿಯಬೇಕಿಲ್ಲ. ಹಿಂದಿಯ 'ಫಂದಾ' ಕೂಡ ನೇಣಿನ ಮಾತೇ, ಅಲ್ಲಿನ ಹೆಂಗಸರು ಸ್ವೆಟರಿಗೆ ಅದನ್ನೇ ಎಣಿಸುತ್ತಾರೆ. ಕುಣಿಕೆ ಎಂದು ಒಪ್ಪಿದರೆ ಉಳಿದ ಮಾತುಗಳೂ ತಾವಾಗಿ ಒದಗುತ್ತವೆ: 66 ಕುಣಿಕೆ ಏರಿಸಿ, ಎರಡನ್ನು ಸೇರಿಸಿ ಒಂದು ಮಾಡಿ, ಕೊನೆಯಲ್ಲಿ ಮುಚ್ಚಿ. ಕಡ್ಡಿಯಿಂದ ತಪ್ಪಿಸಿಕೊಂಡದ್ದು ಜಾರಿದ ಕುಣಿಕೆ. ಅದು ಸಾಲಿನಿಂದ ಸಾಲಿಗೆ ಇಳಿದು ಏಣಿಯಂತೆ ದಾರಿ ಬಿಡುತ್ತದೆ; ಕ್ರೋಶಾ ಕಡ್ಡಿಯ ಕೊಕ್ಕೆಯಿಂದ ಒಂದೊಂದೇ ಮೆಟ್ಟಿಲು ಮೇಲೆತ್ತಬೇಕು. 'ಹೊಲಿಗೆ'ಗೆ ಕಟ್ಟಕಡೆಗೆ ಕೆಲಸವಿದೆ, ತೋಳನ್ನು ಮೈಗೆ ಕೂಡಿಸುವಾಗ.

ಆದರೆ ಎಲ್ಲ 'ಸ್ಟಿಚ್' ಕೂಡ ಕುಣಿಕೆಯಲ್ಲ, ಎಡವುವುದು ಇಲ್ಲೇ. 'ಗಾರ್ಟರ್ ಸ್ಟಿಚ್', 'ಸ್ಟಾಕಿಂಗ್ ಸ್ಟಿಚ್' ಎಂದಾಗ ಅದು ಒಂದು ಕುಣಿಕೆಯಲ್ಲ, ಹೆಣೆಯುವ ಬಗೆ. ಅಲ್ಲಿ 'ಗಾರ್ಟರ್ ಹೆಣಿಗೆ' ಎನ್ನಿ. ಇಂಗ್ಲಿಷಿನ ಒಂದು ಪದ ಕನ್ನಡದಲ್ಲಿ ಎರಡಾಗುವುದು ಇಲ್ಲಿ ನಮಗೇ ಲಾಭ.

ನಿಟ್, ಪರ್ಲ್‌ಗೆ ಸೀದಾ, ಉಲ್ಟಾ. ಎರಡೂ ನಮ್ಮಲ್ಲಿ ಬೇರು ಬಿಟ್ಟ ಮಾತುಗಳು. ಸೀದಾದಲ್ಲಿ ದಾರ ಹಿಂದಿರುತ್ತದೆ, ಹೊಸ ಕುಣಿಕೆ ನಮ್ಮ ಕಡೆಗೆ ಬರುತ್ತದೆ, ಎದುರಿಗೆ 'ವಿ' ಕಾಣುತ್ತದೆ. ಉಲ್ಟಾದಲ್ಲಿ ದಾರ ಮುಂದೆ, ಕುಣಿಕೆ ಆಚೆಗೆ ಹೋಗುತ್ತದೆ, ಎದುರಿಗೆ ಕಾಣುವುದು ಅಡ್ಡ ಉಬ್ಬು. ಒಂದರ ಬೆನ್ನೇ ಇನ್ನೊಂದು. ಎಲ್ಲ ಸಾಲೂ ಸೀದಾ ಹೆಣೆದರೆ ಗಾರ್ಟರ್. ಒಂದು ಸಾಲು ಸೀದಾ, ಮುಂದಿನದು ಉಲ್ಟಾ ಆದರೆ ಸ್ಟಾಕಿಂಗ್. ಸ್ಟಾಕಿಂಗಿನ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಗಾರ್ಟರ್ ಮಟ್ಟಸವಾಗಿ ಕೂರುತ್ತದೆ. ಕೂಸಿನ ಕೋಟಿನ ಎದುರಂಚಿಗೆ ನಾಲ್ಕೈದು ಕುಣಿಕೆ ಗಾರ್ಟರ್ ಕೊಡುವುದು ಅದಕ್ಕೇ, ಅನುವಾದದಲ್ಲಿ ಅದನ್ನು ನುಂಗಿಬಿಡಬೇಡಿ.

ಕುತ್ತಿಗೆಯ ಹತ್ತಿರ ರಿಬ್ಬನ್ ತೂರಿಸುವ ಸಾಲಿನಲ್ಲಿ 'ವುಲ್ ಫಾರ್ವರ್ಡ್, ಕೆ. 2 ಟುಗೆದರ್' ಎಂದು ಬರಬಹುದು. "ದಾರ ಮುಂದಕ್ಕೆ ತನ್ನಿ, ಮುಂದಿನ ಎರಡನ್ನು ಸೇರಿಸಿ ಸೀದಾ ಹೆಣೆಯಿರಿ." ಮೊದಲಿನ ಅರ್ಧ ಒಂದು ಕುಣಿಕೆ ಕೂಡಿಸಿ ತೂತು ಬಿಡುತ್ತದೆ, ಎರಡನೆಯದು ಒಂದನ್ನು ಕಳೆಯುತ್ತದೆ, ಲೆಕ್ಕ ಸಮ. ದಾರ ಮುಂದೆ ತರಲು ಮರೆತರೆ ತೂತೂ ಇಲ್ಲ, ಸಾಲಿನಲ್ಲಿ ಒಂದು ಕಡಿಮೆ.

'ಸ್ವೆಟರ್ ನೇಯುವುದು' ಎಂದು ಬರೆಯುವವರೂ ಇದ್ದಾರೆ. ನೇಯ್ಗೆಗೆ ಹಾಸು ಬೇಕು, ಹೊಕ್ಕು ಬೇಕು. ಇದು ಒಂದೇ ದಾರದ ಆಟ, ಜಡೆ ಬುಟ್ಟಿಗಳಿಗೆ ಹೇಳುವ 'ಹೆಣೆ'ಯೇ ಸರಿ. ಹಳಗನ್ನಡದಲ್ಲಿ ಅದು 'ಪೆಣೆ', ತಮಿಳಿನ 'ಪಿಣೈ'ಯ ನಂಟು. ಕ್ರೋಶಾವನ್ನು 'ಕಸೂತಿ' ಎನ್ನುವುದಂತೂ ಧಾರವಾಡದ ಕಡೆಯವರ ಮುಂದೆ ಬೇಡ!

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಟೆನ್ಷನ್ ಉಳಿದಿದೆ. ದಯವಿಟ್ಟು 'ಬಿಗಿ' ಎನ್ನಬೇಡಿ. ಬಿಗಿ ಎಂದು ಓದಿದವರು ದಾರ ಎಳೆದು ಎಳೆದು ಹೆಣೆಯುತ್ತಾರೆ, ಅನಾಹುತವಾಗುವುದು ಅಲ್ಲೇ. ಹಾಳೆ ಹೇಳುತ್ತಿರುವುದು ಎಣಿಕೆಯನ್ನು. 'ಇಂಚಿನ ಲೆಕ್ಕ' ಎನ್ನಿ. ಮಗುವಿನ ಎದೆ ಸುತ್ತಳತೆ 18 ಇಂಚಿಗೆ ಎಂದರೆ 126 ಕುಣಿಕೆ. ನಿಮ್ಮ ಕೈಯಲ್ಲಿ ಇಂಚಿಗೆ 8 ಬಂದರೆ ಅದೇ 126ಕ್ಕೆ ಸಿಗುವುದು 15¾ ಇಂಚು, ಗುಂಡಿ ಕೂಡುವುದಿಲ್ಲ. ಮೊದಲೇ 35 ಕುಣಿಕೆ ಏರಿಸಿ, ಐದು ಇಂಚು ಎತ್ತರದ ತುಂಡು ಹೆಣೆದು, ಒದ್ದೆ ಮಾಡಿ, ಎಳೆಯದೆ ಹಾಸಿ ಒಣಗಿಸಿ, ನಡುವಿನ 4 ಇಂಚಿನಲ್ಲಿ ಎಣಿಸಿ. 28 ಇರಬೇಕು. ಹೆಚ್ಚಿದ್ದರೆ ಕೈ ಸಡಿಲಿಸುವ ಗೋಜಿಗೆ ಹೋಗದೆ ಕಡ್ಡಿ ಬದಲಿಸಿ, ದಪ್ಪದ ನಂ. 9ಕ್ಕೆ ಹೋಗಿ.

ನಂ. 9 ಹೇಗೆ ದಪ್ಪ ಎಂದು ಕೇಳುತ್ತೀರಿ. ಹಳೇ ಬ್ರಿಟಿಷ್ ಲೆಕ್ಕ ತಂತಿಯ ಲೆಕ್ಕದಂತೆ ಉಲ್ಟಾ: ಅಂಕಿ ಏರಿದಂತೆ ಕಡ್ಡಿ ಸಣ್ಣ. ನಂ. 10 ಎಂದರೆ 3.25 ಮಿಮೀ, ನಂ. 9 ಎಂದರೆ 3.75, ನಂ. 8 ಎಂದರೆ 4. ಅಮೆರಿಕದ 10 ಅಂದರೆ 6 ಮಿಮೀ, ಜಪಾನಿನ 10 ಅಂದರೆ 5.1. ಬ್ರಿಟಿಷ್ ಹಾಳೆ ನೋಡಿ ಅಮೆರಿಕದ ಕಡ್ಡಿ ಹಿಡಿದರೆ ಕೋಟು ಹೋಗಿ ಮೀನಿನ ಬಲೆಯಾಗುತ್ತದೆ. ನಮ್ಮೂರ ಅಂಗಡಿಗಳಲ್ಲಿ '10 ನಂಬರ್ ಕಡ್ಡಿ' ಎಂದರೆ ಕೊಡುವುದು ಈ ಬ್ರಿಟಿಷ್ ಲೆಕ್ಕದ್ದೇ. ಆದರೂ ಅನುವಾದದಲ್ಲಿ ಅಂಕಿಯ ಪಕ್ಕ ಮಿಮೀ ಬರೆದೇ ಬರೆಯಿರಿ. ಕ್ರೋಶಾದಲ್ಲೂ ಇದೇ ಗೋಳು: ಬ್ರಿಟಿಷರ 'ಡಬಲ್' ಅಮೆರಿಕದವರ 'ಸಿಂಗಲ್'.

ಉಣ್ಣೆ ದಾರಕ್ಕೆ ಹೇಳುವ '3 ಪ್ಲೈ'ಗೆ 'ಮೂರೆಳೆ' ಚೆಂದವಾಗಿದೆ, ಆದರೆ ಈಗ ಅದು ದಪ್ಪದ ಹೆಸರು. ಬಿಚ್ಚಿ ನೋಡಿದರೆ ಎಳೆ ಮೂರೇ ಇರಬೇಕೆಂದಿಲ್ಲ. ತೂಕ ಔನ್ಸಿನಲ್ಲಿರುತ್ತದೆ, ಔನ್ಸಿಗೆ 28 ಗ್ರಾಂ. 5 ಔನ್ಸ್ ಎಂದರೆ ಇವತ್ತಿನ 50 ಗ್ರಾಂ ಉಂಡೆ ಮೂರು.

ಕಡ್ಡಿಗಳ ಚೀಟಿಗೂ ಪದ ಬೇಕಾಗಬಹುದು. ಬೂದು ಬಣ್ಣದವು ಅಲ್ಯೂಮಿನಿಯಂ, ಇಂಗ್ಲೆಂಡಿನ ರೆಡಿಚ್ ಊರಿನ 'ಏರೋ' ಬ್ರ್ಯಾಂಡಿನ ತರಹದವು. ಅವಕ್ಕೆ ಏನೂ ಆಗದು. ಬಣ್ಣಬಣ್ಣದ ಹಳೇ ಪ್ಲಾಸ್ಟಿಕ್ಕನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿ. ಮಂಗಳಾರತಿ ತಟ್ಟೆಯ ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್, ಅದರ ತಯಾರಿಕೆಯಲ್ಲೇ ಕರ್ಪೂರ ಇದೆ. ಬೆಂಕಿಯಿಂದ ದೂರ ಇಡಿ. ಕೇಸೀನ್ ಎಂಬ ಇನ್ನೊಂದು ಬಗೆಯ ಹಳೇ ಪ್ಲಾಸ್ಟಿಕ್ ಹಾಲಿನ ಪ್ರೋಟೀನಿನಿಂದ ಮಾಡಿದ್ದು. ನೀರಲ್ಲಿ ನೆನೆಹಾಕಿದರೆ ಉಬ್ಬಿ ಸೊಟ್ಟಗಾಗುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಉಣ್ಣೆಯ ಉಂಡೆಗೆ ನುಸಿ ಇರಬಹುದು. ನುಸಿಗುಳಿಗೆಗಿಂತ ಒಳ್ಳೆಯದು, ಗಾಳಿಯಾಡದ ಚೀಲದಲ್ಲಿ ಕಟ್ಟಿ -18 ಡಿಗ್ರಿ ಫ್ರೀಜರಿನಲ್ಲಿ ಎರಡು ವಾರ.

ಉತ್ತರ 3

ಮ್ಯಾಟಿನಿಗೂ ಸಿನಿಮಾದ ಮ್ಯಾಟಿನಿಗೂ ಮೂಲ ಒಂದೇ, ಬೆಳಗು ಎಂಬರ್ಥದ ಫ್ರೆಂಚ್ ಪದ. ವಸ್ತು ಮಾತ್ರ ಎದುರು ತೆರೆದ ಗಿಡ್ಡ ಕೂಸಿನ ಸ್ವೆಟರ್, ಹಾಗೇ ಬರೆಯಿರಿ. 'ಬಾನೆಟ್'ಗೆ ಕುಲಾವಿ ಇದ್ದೇ ಇದೆ, 'ಟೋಪಿ' ಯಾಕೆ? ಡಬ್ಬದಲ್ಲಿ 'ಬಾಲಕ್ಲಾವಾ' ಹಾಳೆ ಸಿಕ್ಕರೆ ಅದು ನಮ್ಮ ಮಂಕಿ ಕ್ಯಾಪು. ಕಾರ್ಡಿಗನ್ ಎಂಬ ಹೆಸರೂ 1854ರ ಆ ಬಾಲಕ್ಲಾವಾ ಕಾಳಗದಲ್ಲಿದ್ದ ಲಾರ್ಡ್ ಕಾರ್ಡಿಗನ್‌ನದು.

'ಗುಜರಿ' ನನಗೆ ಒಪ್ಪಿಗೆಯಿಲ್ಲ. ಗುಜರಿಯವನು ದುಡ್ಡು ಕೊಟ್ಟು ಕೊಳ್ಳುತ್ತಾನೆ, ಕೊಳ್ಳುವುದು ತೂಕಕ್ಕೆ. ಚಾರಿಟಿ ಅಂಗಡಿಗೆ ಜನ ಸುಮ್ಮನೆ ಕೊಟ್ಟು ಹೋಗುತ್ತಾರೆ, ಮಾರಿದ ಹಣ ಸಂಸ್ಥೆಯ ಕೆಲಸಕ್ಕೆ. ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟಿನಲ್ಲಿ ಆಕ್ಸ್‌ಫ್ಯಾಮ್ ಎಂಬ ಸೇವಾಸಂಸ್ಥೆಯ ಅಂಗಡಿ 1940ರ ದಶಕದ ಕೊನೆಯಿಂದ ಹಾಗೇ ನಡೆದಿದೆ. 'ದಾನದ ಅಂಗಡಿ' ಎಂದರೆ ಅಲ್ಲೇ ದಾನ ಕೊಡುತ್ತಾರೆ ಎಂದಾಗುತ್ತದೆ. ಚಾರಿಟಿ ಅಂಗಡಿ ಎಂದೇ ಇಡಿ, ಮೊದಲ ಸಲ ಮಾತ್ರ 'ಕೊಡುಗೆಯಾಗಿ ಬಂದ ಹಳೇ ಸಾಮಾನು ಮಾರುವಲ್ಲಿ' ಎಂದು ಬಿಡಿಸಿ ಹೇಳಿ. ಗುಜರಿಗೆ ಹೋದರೆ ಆ ಏರೋ ಕಡ್ಡಿ ಪಾತ್ರೆಯ ಚೂರಿನ ಜೊತೆ ತಕ್ಕಡಿ ಸೇರುತ್ತದೆ, ಅದು ನಂ. 10 ಆದರೇನು, ನಂ. 9 ಆದರೇನು.